ಎಂಟು ಕೋರ್ ಇದ್ದರೂ ಗೇಮ್ ಸರ್ವರ್ ತಾಳ ತಪ್ಪುವುದೇಕೆ?

ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದ ಜಗತ್ತು ಸೆಕೆಂಡಿಗೆ 20 ಸಲ ಮಿಡಿಯುತ್ತದೆ. ಒಂದು ಮಿಡಿತಕ್ಕೆ ಸಿಗುವ ಸಮಯ 50 ಮಿಲಿಸೆಕೆಂಡ್. ಅಷ್ಟರೊಳಗೆ ಸರ್ವರ್, ಅಂದರೆ ಎಲ್ಲರ ಆಟವನ್ನೂ ಒಂದೆಡೆ ನಡೆಸುವ ಕಂಪ್ಯೂಟರ್, ಪ್ರತಿಯೊಬ್ಬ ಆಟಗಾರ ಏನು ಒತ್ತಿದ ಎಂದು ಓದಬೇಕು, ಹಸು ಕುರಿಗಳನ್ನು ಒಂದು ಹೆಜ್ಜೆ ನಡೆಸಬೇಕು, ನೀರು ಹರಿಸಬೇಕು, ಪೈರು ಬೆಳೆಸಬೇಕು, ಬದಲಾದದ್ದನ್ನೆಲ್ಲ ಎಲ್ಲರ ಪರದೆಗೂ ತಲುಪಿಸಬೇಕು. ಈ ಒಂದು ಸುತ್ತಿಗೆ ಟಿಕ್ ಎನ್ನುತ್ತಾರೆ. ಗುಂಡು ಹಾರಿಸುವ ಆಟ ‘ಕೌಂಟರ್-ಸ್ಟ್ರೈಕ್: ಗ್ಲೋಬಲ್ ಅಫೆನ್ಸಿವ್’ನ ಅಧಿಕೃತ ಪಂದ್ಯಗಳು ಸೆಕೆಂಡಿಗೆ 64 ಟಿಕ್‌ನಲ್ಲಿ ನಡೆಯುತ್ತಿದ್ದವು. ಅಂಥದೇ ಆಟವಾದ ವ್ಯಾಲರಂಟ್‌ನದು 128. ಅಲ್ಲಿ ಒಂದು ಟಿಕ್‌ಗೆ ಎಂಟು ಮಿಲಿಸೆಕೆಂಡೂ ಪೂರ್ತಿ ಸಿಗುವುದಿಲ್ಲ.

ಸಂಗೀತ ಕಚೇರಿಯಲ್ಲಿ ತಾಳ ಹಾಕುವವರು ಒಟ್ಟು ಎಷ್ಟು ಸಲ ತಟ್ಟಿದರು ಎಂಬ ಲೆಕ್ಕ ಯಾರಿಗೂ ಬೇಕಿಲ್ಲ. ಪ್ರತಿಯೊಂದು ಪೆಟ್ಟೂ ತನ್ನ ಜಾಗದಲ್ಲಿ ಬೀಳಬೇಕು, ಅಷ್ಟೇ. ಗೇಮ್ ಸರ್ವರ್ ಮಾಡುವ ಕೆಲಸವೂ ಇದೇ. ಸರಾಸರಿ ಟಿಕ್ 30 ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದ್ದರೂ ನಡುವೆ ಒಂದೇ ಒಂದು ಟಿಕ್ 400 ಮಿಲಿಸೆಕೆಂಡ್ ಎಳೆದರೆ ಸಾಕು, ಆಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಆದ್ದರಿಂದ ಸರ್ವರ್‌ನ ಆರೋಗ್ಯ ನೋಡುವಾಗ ಸಿಪಿಯು (ಪ್ರೊಸೆಸರ್) ಶೇಕಡಾವಾರಿಗಿಂತ ಮೊದಲು ಟಿಕ್‌ನ ಅಳತೆ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೆಂಗಳೂರಿನ ವಿಜಯನಗರದಲ್ಲಿರುವ ನನ್ನ ಅಕ್ಕನ ಮಗ ಇಂಜಿನಿಯರಿಂಗ್ ಓದುತ್ತಿದ್ದಾನೆ. ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗ ಹುಡುಕಿ ತಂದು ಕಂಪ್ಯೂಟರ್ ಜೋಡಿಸಿ, ಗೆಳೆಯರಿಗೆಲ್ಲ ಅದರಲ್ಲೇ ಮೈನ್‌ಕ್ರಾಫ್ಟ್ ಸರ್ವರ್ ನಡೆಸುತ್ತಾನೆ. “ಮಾಮ, ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು ಬರೀ ಎಂಟು ಪರ್ಸೆಂಟ್ ತೋರಿಸ್ತಿದೆ, ಆದ್ರೂ ಎಲ್ಲರಿಗೂ ಲ್ಯಾಗ್ ಆಗ್ತಿದೆ. ಇಂಟರ್ನೆಟ್ ಪ್ರಾಬ್ಲಮ್ಮೇ ಅಲ್ವಾ?” ಎಂದು ಕೇಳಿದ. ತುಂಬ ಜನ ಕೇಳುವ ಪ್ರಶ್ನೆ ಇದು. ಸಾವಧಾನವಾಗಿ ಬಿಡಿಸಿ ನೋಡಬೇಕಾದದ್ದು.

ಮೊದಲು ಇಂಟರ್ನೆಟ್ಟಿನ ಮಾತು. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸಿಂಗಪುರ ನೇರ ದಾರಿಯಲ್ಲಿ ಸುಮಾರು 3,200 ಕಿಲೋಮೀಟರ್. ಹೋಗಿಬರಲು ಕಡಿಮೆಯೆಂದರೂ 32 ಮಿಲಿಸೆಕೆಂಡ್ ಬೇಕು, ಕೇಬಲ್ ನೇರವಾಗಿ ಹೋಗದ ಕಾರಣ ಇನ್ನೂ ಹೆಚ್ಚು. ಇದು ಪಿಂಗ್. ದೂರದ ಸರ್ವರ್ ಆದರೆ ಪಿಂಗ್ ಜಾಸ್ತಿ, ಆದರೆ ಅದು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಟಿಕ್ ತಡವಾದಾಗ ಆಗುವುದು ಬೇರೆ: ಪಿಂಗ್ ಚೆನ್ನಾಗಿಯೇ ಇರುತ್ತದೆ, ಆದರೆ ಒಡೆದ ಕಲ್ಲು ಮತ್ತೆ ಬಂದು ಕೂರುತ್ತದೆ, ಬಾಗಿಲು ಒತ್ತಿ ಎಷ್ಟೋ ಹೊತ್ತಿಗೆ ತೆರೆಯುತ್ತದೆ, ಮುಂದೆ ಹೋದ ಆಟಗಾರ ಹಿಂದಕ್ಕೆ ಜಗ್ಗಲ್ಪಡುತ್ತಾನೆ. ಒಬ್ಬನಿಗೆ ಮಾತ್ರ ಹೀಗಾದರೆ ಅವನ ವೈಫೈ ನೋಡಬೇಕು. ಎಲ್ಲರಿಗೂ ಒಂದೇ ಕ್ಷಣದಲ್ಲಿ ಆದರೆ ಸರ್ವರ್ ನೋಡಬೇಕು.

ಇನ್ನು ಆ ಎಂಟು ಪರ್ಸೆಂಟ್. ಅವನ ಪ್ರೊಸೆಸರ್‌ನಲ್ಲಿ ಎಂಟು ಕೋರ್, ಅಂದರೆ ಲೆಕ್ಕ ಮಾಡುವ ಎಂಟು ಘಟಕ; ಒಂದೊಂದೂ ಕೆಲಸದ ಎರಡು ಎಳೆ ಹಿಡಿಯಬಲ್ಲದು, ಹಾಗಾಗಿ 16 ಥ್ರೆಡ್. ವಿಂಡೋಸ್ ಇಡೀ ಯಂತ್ರವನ್ನು ನೂರು ಎಂದು ಲೆಕ್ಕ ಹಿಡಿಯುತ್ತದೆ. ಹಾಗಾಗಿ ಟಿಕ್ ನಡೆಸುವ ಒಂದು ಥ್ರೆಡ್ ಉಸಿರುಗಟ್ಟಿ ದುಡಿಯುತ್ತಿದ್ದರೂ ಪರದೆಯಲ್ಲಿ ಅದರ ಪಾಲು ಬರೀ 6.25; ಎಂಟರಲ್ಲಿ ಉಳಿದದ್ದು ಬೇರೆ ಸಣ್ಣಪುಟ್ಟ ಕೆಲಸಗಳದು. ಅದೇ ಕೆಲಸ ಲಿನಕ್ಸ್‌ನಲ್ಲಿ ಸಿಪಿಯು ಬಳಕೆ ತೋರಿಸುವ ‘ಟಾಪ್’ ಎಂಬ ಪ್ರೋಗ್ರಾಮಿನಲ್ಲಿ ನೂರು ಎಂದು ಕಾಣುತ್ತದೆ, ಏಕೆಂದರೆ ಅಲ್ಲಿ ಒಂದೊಂದು ಥ್ರೆಡ್‌ಗೂ ನೂರು. ಕೋರ್‌ಗಳ ಗ್ರಾಫ್ ಬಿಡಿಬಿಡಿಯಾಗಿ ತೆರೆದರೂ ಕೆಲವೊಮ್ಮೆ ಗುಟ್ಟು ಬಯಲಾಗುವುದಿಲ್ಲ. ಆಪರೇಟಿಂಗ್ ಸಿಸ್ಟಂ ಒಂದೇ ಥ್ರೆಡ್ಡನ್ನು ಈ ಕೋರ್‌ನಿಂದ ಆ ಕೋರ್‌ಗೆ ಎತ್ತಿಡುತ್ತಿರುವುದರಿಂದ ಯಾವುದೂ ತುಂಬಿದಂತೆ ಕಾಣದು. ಟಾಪ್‌ನಲ್ಲಿ ದೊಡ್ಡ ‘ಎಚ್’ ಒತ್ತಿ ಥ್ರೆಡ್‌ವಾರು ನೋಡಿದರೆ, ನೂರರ ಹತ್ತಿರ ನಿಂತಿರುವ ಆ ಒಂದು ಥ್ರೆಡ್ ಸಿಕ್ಕಿಬೀಳುತ್ತದೆ.

ಕೆಲಸವನ್ನು ಉಳಿದ ಕೋರ್‌ಗಳಿಗೆ ಹಂಚಬಾರದೇ? ಯಶವಂತಪುರದ ಹತ್ತಿರ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರ್ ಇದೆ; 3.3 ಪೆಟಾಫ್ಲಾಪ್ಸ್, ಅಂದರೆ ಸೆಕೆಂಡಿಗೆ 3,300 ಲಕ್ಷ ಕೋಟಿ ಲೆಕ್ಕ ಮಾಡುವ ಸಾಮರ್ಥ್ಯದ್ದು. ಹವಾಮಾನದಂಥ ಲೆಕ್ಕಗಳನ್ನು ತುಂಡು ತುಂಡಾಗಿ ಸಾವಿರಾರು ಕೋರ್‌ಗಳಿಗೆ ಹಂಚಬಹುದು. ಆದರೆ ನನ್ನ ಸೋದರಳಿಯನ ಸರ್ವರ್ ಅನ್ನು ಅದರ ಮೇಲೆ ಕೂರಿಸಿದರೂ ಟಿಕ್ ಬೇಗ ಮುಗಿಯುವ ಸಂಭವ ಕಡಿಮೆ. ಆಟದಲ್ಲಿ ಒಂದು ಘಟನೆ ಮುಗಿಯದೆ ಮುಂದಿನದು ಶುರುವಾಗುವಂತಿಲ್ಲ: ಗುಂಡು ಬಡಿಯಿತೋ ಇಲ್ಲವೋ ತೀರ್ಮಾನವಾಗದೆ ಆಟಗಾರ ಬಾಗಿಲು ದಾಟಿದನೇ ಎಂದು ಹೇಳಲಾಗದು. 1967ರಲ್ಲಿ ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ ಈ ಮಿತಿಯನ್ನು ಸ್ಪಷ್ಟವಾಗಿ ಮಂಡಿಸಿದರು. ಕೆಲಸದ ಶೇ. 80 ಭಾಗ ಒಂದರ ಹಿಂದೊಂದು ನಡೆಯಲೇಬೇಕಾಗಿದ್ದರೆ, ಕೋರ್‌ಗಳನ್ನು ಎಷ್ಟೇ ಸೇರಿಸಿದರೂ ವೇಗ 1.25 ಪಟ್ಟು ದಾಟುವುದಿಲ್ಲ. ಗೇಮ್ ಸರ್ವರ್‌ಗೆ ಯಂತ್ರ ಆರಿಸುವಾಗ ಅನೇಕ ನಿಧಾನ ಕೋರ್‌ಗಳಿಗಿಂತ ವೇಗದ ಕೆಲವೇ ಕೋರ್‌ಗಳು ಮೇಲು ಎನ್ನುವುದು ಇದಕ್ಕೇ.

ಆದರೂ ಯಂತ್ರ ಬದಲಿಸುವ ಮಾತು ಕೊನೆಗೆ ಬರಬೇಕು. ಸಮಯ ತಿನ್ನುತ್ತಿರುವುದು ಯಾರು ಎಂದು ಮೊದಲು ಹಿಡಿಯಬೇಕು. ಅದಕ್ಕೆ ಪ್ರೊಫೈಲರ್ ಇದೆ. ಓಡುತ್ತಿರುವ ಪ್ರೋಗ್ರಾಮನ್ನು ಕೆಲವೇ ಮಿಲಿಸೆಕೆಂಡಿಗೊಮ್ಮೆ ಇಣುಕಿ ನೋಡಿ, “ಈಗ ಯಾವ ಕೆಲಸದಲ್ಲಿದ್ದೀಯ?” ಎಂದು ಗುರುತು ಹಾಕಿಕೊಳ್ಳುವ ಸಾಧನ ಅದು. ಮೈನ್‌ಕ್ರಾಫ್ಟ್ ನಡೆಸುವವರು ಸಾಮಾನ್ಯವಾಗಿ ಸ್ಪಾರ್ಕ್ ಎಂಬ ಪ್ರೊಫೈಲರ್ ಬಳಸುತ್ತಾರೆ. ನಾವೂ ಅದನ್ನೇ ಹಾಕಿ, ಲ್ಯಾಗ್ ಇರುವ ಹೊತ್ತಿನಲ್ಲೇ ಓಡಿಸಿದೆವು. ಎಲ್ಲ ಚೆನ್ನಾಗಿರುವಾಗ ಅಳೆದರೆ ಚೆನ್ನಾಗಿದೆ ಎಂದಷ್ಟೇ ತಿಳಿಯುತ್ತದೆ.

ಸಿಕ್ಕಿದ್ದು ಹಳ್ಳಿಗರು, ಅಂದರೆ ಆಟವೇ ನಡೆಸುವ ಪಾತ್ರಗಳು. ವ್ಯಾಪಾರಕ್ಕೆಂದು ಗೆಳೆಯರು ಒಂದೇ ಕಟ್ಟಡದಲ್ಲಿ ನೂರಾರು ಹಳ್ಳಿಗರನ್ನು ಕೂಡಿಹಾಕಿದ್ದರು. 2019ರ 1.14ನೇ ಆವೃತ್ತಿಯಿಂದ ಮೈನ್‌ಕ್ರಾಫ್ಟ್‌ನ ಹಳ್ಳಿಗರಿಗೆ ತಮ್ಮದೇ ಹಾಸಿಗೆ, ತಮ್ಮದೇ ಕೆಲಸದ ಜಾಗ ಇವೆ; ಅವಕ್ಕೆ ದಾರಿ ಹುಡುಕುವ ಲೆಕ್ಕ ದುಬಾರಿ. ಕಿಕ್ಕಿರಿದು ನಿಂತಾಗ ಯಾರು ಯಾರಿಗೆ ತಾಗುತ್ತಿದ್ದಾರೆ ಎಂಬ ಲೆಕ್ಕವೂ ಸೇರುತ್ತದೆ. ಇದು ಬೆಳೆಯುವ ಪರಿ ಗಮನಿಸಿ: ಹತ್ತು ಜನರಲ್ಲಿ ಜೋಡಿಗಳು 45, ನೂರು ಜನರಲ್ಲಿ 4,950. ಜನ ಹತ್ತು ಪಟ್ಟಾದರೆ ಕೆಲಸ ನೂರು ಪಟ್ಟಿಗೂ ಹೆಚ್ಚು. ಆಟ ಬರೆಯುವವರು ಜಾಗವನ್ನು ಚೌಕಗಳಾಗಿ ಸೀಳಿ ಅಕ್ಕಪಕ್ಕದವರನ್ನು ಮಾತ್ರ ಹೋಲಿಸುತ್ತಾರೆ. ಎಲ್ಲರೂ ಒಂದೇ ಚೌಕದಲ್ಲಿ ತುಂಬಿಕೊಂಡರೆ ಆ ಉಪಾಯದ ಪ್ರಯೋಜನವೆಲ್ಲ ಹೋಗುತ್ತದೆ.

ಇದೇ ಗಣಿತ ಕಣ್ಣಳತೆಯ ದೂರದಲ್ಲೂ ಇದೆ. ವ್ಯೂ ಡಿಸ್ಟೆನ್ಸ್ 6 ಇಟ್ಟರೆ ಒಬ್ಬ ಆಟಗಾರನ ಸುತ್ತ 169 ಚಂಕ್ (ಆಟದ ಜಗತ್ತಿನ ಚೌಕ ತುಂಡು), 10 ಇಟ್ಟರೆ 441, 16ಕ್ಕೆ 1,089. ಅಂಕಿ ಸ್ವಲ್ಪವೇ ಏರಿದಂತೆ ಕಂಡರೂ ಹೊರೆ ವರ್ಗದಲ್ಲಿ ಏರುತ್ತದೆ. ಹಳ್ಳಿಗರನ್ನು ಕಡಿಮೆ ಮಾಡಿ, ಮತ್ತೆ ಅಳೆದು, ಆಮೇಲೆ ಸಿಮ್ಯುಲೇಶನ್ ಡಿಸ್ಟೆನ್ಸ್ (ಆಟಗಾರನ ಸುತ್ತ ಎಷ್ಟು ದೂರದವರೆಗೆ ಜಗತ್ತು ಚಲಿಸುತ್ತಿರಬೇಕು ಎಂಬುದು) ತಗ್ಗಿಸಿ, ಮತ್ತೆ ಅಳೆದೆವು. ಎರಡನ್ನೂ ಒಟ್ಟಿಗೆ ಬದಲಿಸಿದ್ದರೆ ಯಾವುದರಿಂದ ಎಷ್ಟು ಲಾಭವಾಯಿತು ಎಂದು ತಿಳಿಯುತ್ತಿರಲಿಲ್ಲ.

ತಡ ಎಲ್ಲೋ ಒಮ್ಮೊಮ್ಮೆ ಮಾತ್ರ ಬರುತ್ತಿದ್ದರೆ ಹುಡುಕಾಟ ಬೇರೆ ದಿಕ್ಕಿಗೆ. ಜಾವಾ ಭಾಷೆಯಲ್ಲಿ ಬರೆದ ಸರ್ವರ್, ತಾನು ಬಳಸಿ ಬಿಟ್ಟ ಮೆಮೊರಿಯನ್ನು ಆಗಾಗ ಗುಡಿಸುತ್ತದೆ, ಆ ಹೊತ್ತಿಗೆ ಆಟ ನಿಲ್ಲಬಹುದು. ಜಗತ್ತನ್ನು ಡಿಸ್ಕ್‌ಗೆ ಉಳಿಸುವಾಗಲೂ ತಡವಾಗಬಹುದು. ಲಿನಕ್ಸ್‌ನ ಲೋಡ್ ಆವರೇಜ್, ಅಂದರೆ ಓಡುತ್ತಿರುವ ಮತ್ತು ಸರದಿಗೆ ಕಾಯುತ್ತಿರುವ ಕೆಲಸಗಳ ಸರಾಸರಿ ಸಂಖ್ಯೆ, ಡಿಸ್ಕ್‌ಗಾಗಿ ಕಾಯುತ್ತಿರುವ ಕೆಲಸಗಳನ್ನೂ ಎಣಿಸುತ್ತದೆ. ಲೋಡ್ ಏರಿದೆ, ಆದರೆ ಸಿಪಿಯು ಬಿಡುವಾಗಿದೆ ಎಂದಾದರೆ ಡಿಸ್ಕ್ ಮೇಲೆ ಗುಮಾನಿ ಇಡಿ.

ಕೆಲವು ಸಲ ತಪ್ಪು ಆಟದ್ದೇ ಅಲ್ಲ. ಒಂದೇ ಯಂತ್ರವನ್ನು ಹಲವರಿಗೆ ಹಂಚಿ ಕೊಡುವ ಬಾಡಿಗೆಯ ವರ್ಚುವಲ್ ಸರ್ವರ್ ಆದರೆ ಟಾಪ್‌ನಲ್ಲಿ ‘ಎಸ್‌ಟಿ’ ಎಂಬ ಅಂಕಿ ನೋಡಿ. ನಮ್ಮ ಸರದಿಯ ಸಿಪಿಯು ಸಮಯ ಬೇರೆಯವರ ಪಾಲಾದ ಪ್ರಮಾಣ ಅದು. ಅದು ಸದಾ ಹೆಚ್ಚಿದ್ದರೆ ನಾವು ಸೆಟ್ಟಿಂಗ್ ತಿದ್ದಿ ಪ್ರಯೋಜನವಿಲ್ಲ. ಮನೆಯ ಯಂತ್ರವಾದರೆ ಬಿಸಿ. ಬೆಂಗಳೂರು ತಂಪು ಎಂದು ನಂಬಿ ಕೂರುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ನಗರದ ಉಷ್ಣಾಂಶ 39.2 ಡಿಗ್ರಿ ಮುಟ್ಟಿತ್ತು. ಪ್ರೊಸೆಸರ್‌ನ ಬಿಸಿ ಹೊರಹಾಕುವ ಹೀಟ್‌ಸಿಂಕ್‌ನಲ್ಲಿ ಧೂಳು ತುಂಬಿದ್ದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ.

ಎಲ್ಲ ಕೋರ್‌ಗಳೂ ನೂರಕ್ಕೆ ನೂರು ಓಡುತ್ತಿದ್ದರೆ, ಅದೂ ಯಾರೂ ಆಡದ ನಡುರಾತ್ರಿಯಲ್ಲಿ, ಎಚ್ಚರಾಗಬೇಕು. ಯಾರೋ ಒಳನುಗ್ಗಿ ಕ್ರಿಪ್ಟೋ ಗಣಿಗಾರಿಕೆಗೆ ಯಂತ್ರವನ್ನು ದುಡಿಸುತ್ತಿರಬಹುದು. 2021ರ ಡಿಸೆಂಬರ್‌ನಲ್ಲಿ ಬಯಲಾದ ಲಾಗ್4ಶೆಲ್ ದೋಷ ಮೊದಮೊದಲು ಕಾಣಿಸಿಕೊಂಡದ್ದು ಮೈನ್‌ಕ್ರಾಫ್ಟ್ ಸರ್ವರ್‌ಗಳಲ್ಲೇ. ಚಾಟ್‌ನಲ್ಲಿ ಒಂದು ಸಾಲು ಬರೆದರೆ ಸಾಕಿತ್ತು, ಸರ್ವರ್ ಬೇರೊಬ್ಬರ ಕೈಗೆ ಹೋಗುತ್ತಿತ್ತು. ಹಳೆಯ ಆವೃತ್ತಿಯನ್ನೇ ಓಡಿಸುತ್ತಿರುವವರು ಇಂದೇ ಅಪ್‌ಡೇಟ್ ಮಾಡಿ, ದಯವಿಟ್ಟು.

ಹುಡುಕಿ ತೆಗೆಯಲು ಏನೂ ಉಳಿಯದ, ನಿಜಕ್ಕೂ ಜನವೇ ಹೆಚ್ಚಾದ ಸಂದರ್ಭವೂ ಇದೆ. ಐಸ್‌ಲ್ಯಾಂಡಿನ ಸಿಸಿಪಿ ಕಂಪನಿಯ ಬಾಹ್ಯಾಕಾಶ ಆಟ ‘ಈವ್ ಆನ್‌ಲೈನ್’ ಇದಕ್ಕೆ ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಹೊರೆ ಮಿತಿಮೀರಿದಾಗ ಅದು ಆ ಪ್ರದೇಶದ ಕಾಲವನ್ನೇ ನಿಧಾನಗೊಳಿಸುತ್ತದೆ, ಹತ್ತನೇ ಒಂದು ಭಾಗದವರೆಗೂ. 2014ರ ಜನವರಿ 27ರಂದು ಆಟದೊಳಗಿನ ಬಿ-ಆರ್5ಆರ್‌ಬಿ ಎಂಬ ನಕ್ಷತ್ರವ್ಯೂಹದಲ್ಲಿ ಶುರುವಾದ ಯುದ್ಧದಲ್ಲಿ ಒಟ್ಟು ಏಳೂವರೆ ಸಾವಿರಕ್ಕೂ ಹೆಚ್ಚು ಆಟಗಾರರು ಪಾಲ್ಗೊಂಡರು. ಕಾಲ ಹತ್ತು ಪಟ್ಟು ನಿಧಾನವಾಯಿತು, ಕಾಳಗ ಸುಮಾರು 21 ಗಂಟೆ ನಡೆಯಿತು. ಆಟಗಾರರು ಕೊಟ್ಟ ಆಜ್ಞೆಗಳು ನಿಧಾನವಾಗಿಯಾದರೂ ಸರದಿಯಂತೆ ಜಾರಿಯಾಗುತ್ತ ಹೋದವು, ಯುದ್ಧ ಕೊನೆ ಮುಟ್ಟಿತು.