ತಾರೆ ಹೋದ, ಅವನ ಸಂಬಳದ ಜಾಗ ಎಲ್ಲಿ ಹೋಯಿತು?

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ತಂಡವೊಂದು ತನ್ನ ತಾರಾ ಆಟಗಾರನನ್ನು ಕಳೆದುಕೊಂಡ ಮೇಲೆ ಮತ್ತೆ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ಓದಲು ಕುಳಿತಾಗ ನನ್ನ ತಲೆಯಲ್ಲಿದ್ದ ಲೆಕ್ಕ ಬಹಳ ಸರಳವಾಗಿತ್ತು. ವರ್ಷಕ್ಕೆ 5 ಕೋಟಿ ಡಾಲರ್ ಪಡೆಯುತ್ತಿದ್ದವನು ಹೋದ, ಹಾಗಾದರೆ 5 ಕೋಟಿ ಉಳಿಯಿತು, ಆ ದುಡ್ಡಿನಲ್ಲಿ ಇನ್ನೊಬ್ಬ ತಾರೆಯನ್ನೋ ಎರಡೂವರೆ ಕೋಟಿಯ ಇಬ್ಬರನ್ನೋ ತಂದರಾಯಿತು. ಈ ಲೆಕ್ಕ ತಪ್ಪು. ಎಲ್ಲಿ ತಪ್ಪು ಎಂದು ಹಿಡಿಯಲು ನನಗೆ ಮೂರು ಸಂಜೆ ಬೇಕಾಯಿತು. ಮರೆಯುವ ಮೊದಲೇ ಬರೆದಿಡುತ್ತಿದ್ದೇನೆ. ಡ್ರಾಫ್ಟ್ (ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು), ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ), ಫ್ರೀ ಏಜೆಂಟ್ (ಒಪ್ಪಂದ ಮುಗಿದು ಬೇರೆ ತಂಡಕ್ಕೂ ಸಹಿ ಹಾಕಬಲ್ಲವನು) ಎಂಬ ಮೂರು ಪದ ನೆನಪಿದ್ದರೆ ಸಾಕು.

ಸಿಕ್ಕು ಬಿದ್ದ ಜಾಗ

2025–26ರ ಋತುವಿಗೆ ಲೀಗ್ ನಿಗದಿ ಮಾಡಿದ ವೇತನ ಮಿತಿ, ಅಂದರೆ ಸ್ಯಾಲರಿ ಕ್ಯಾಪ್, 15.46 ಕೋಟಿ ಡಾಲರ್. ಹೆಸರು ಮಿತಿಯಾದರೂ ಇದು ಗೋಡೆಯಲ್ಲ. ಬಹುತೇಕ ತಂಡಗಳು ಇದನ್ನು ದಾಟಿಯೇ ಇರುತ್ತವೆ, ಏಕೆಂದರೆ ದಾಟಲು ನಿಯಮದಲ್ಲೇ ವಿನಾಯಿತಿಗಳಿವೆ. ಅವುಗಳಲ್ಲಿ ದೊಡ್ಡದು ಬರ್ಡ್ ಹಕ್ಕು. ಬಾಸ್ಟನ್‌ನ ಲ್ಯಾರಿ ಬರ್ಡ್ ಹೆಸರಿನಲ್ಲಿ ಕರೆಯಲಾಗುವ ಈ ನಿಯಮದ ಪ್ರಕಾರ, ಫ್ರೀ ಏಜೆಂಟ್ ಆಗಿ ತಂಡ ಬದಲಿಸದೆ ಮೂರು ಋತು ಆಡಿದವನಿಗೆ ಅವನ ತಂಡ ಮಿತಿಯನ್ನು ಮೀರಿಯೂ ಗರಿಷ್ಠ ವೇತನ ಕೊಡಬಹುದು.

ನಾನು ಎಡವಿದ್ದು ಇಲ್ಲೇ. ಬರ್ಡ್ ಹಕ್ಕನ್ನು ನಾನು ದುಡ್ಡು ಎಂದುಕೊಂಡಿದ್ದೆ. ಅದು ದುಡ್ಡಲ್ಲ, ಅನುಮತಿ. ಭಾವಚಿತ್ರ ಅಂಟಿಸಿದ ಪಾಸ್ ಇದ್ದ ಹಾಗೆ: ಆ ಮುಖದವನು ಮಾತ್ರ ಅದನ್ನು ತೋರಿಸಿ ಒಳಗೆ ಬರಬಹುದು. ಅವನು ಬೇರೆ ಊರಿನ ತಂಡಕ್ಕೆ ಸಹಿ ಹಾಕಿದ ಕ್ಷಣ ಪಾಸ್ ರದ್ದಾಗುತ್ತದೆ, ಅದನ್ನು ಹಿಡಿದುಕೊಂಡು ಇನ್ನೊಬ್ಬನು ಬರಲಾಗದು.

ಅಂಕಿ ಇಟ್ಟು ನೋಡೋಣ. ಲೆಕ್ಕ ಸುಲಭವಾಗಲೆಂದು ಮಿತಿಯನ್ನು 15 ಕೋಟಿ ಎಂದಿಟ್ಟುಕೊಳ್ಳುತ್ತೇನೆ. ಒಂದು ತಂಡದ ಒಟ್ಟು ವೇತನ 20 ಕೋಟಿ, ಅದರಲ್ಲಿ ತಾರೆಯದು 5. ಅವನು ಹೋದ, ಉಳಿದದ್ದು 15. ಮಿತಿಯೂ 15. ಹೊರಗಿನಿಂದ ಒಬ್ಬನನ್ನು ಕರೆತರಲು ಇರುವ ಜಾಗ ಸೊನ್ನೆ. ಐದು ಕೋಟಿಯ ಆಟಗಾರ ಹೋದ, ಒಂದು ಡಾಲರಿನ ಜಾಗವೂ ಹುಟ್ಟಲಿಲ್ಲ. ಅವನು ಇಷ್ಟು ದಿನ ಕುಳಿತಿದ್ದದ್ದೇ ಮಿತಿಯ ಮೇಲಿನ ಭಾಗದಲ್ಲಿ. ಅವನು ಎದ್ದರೆ ಖಾಲಿಯಾಗುವುದು ಆ ಮೇಲಿನ ಭಾಗ, ಮತ್ತು ಅಲ್ಲಿ ಕೂರಲು ಅನುಮತಿ ಇದ್ದದ್ದು ಅವನಿಗೊಬ್ಬನಿಗೆ. ಈ ಎರಡು ವಾಕ್ಯ ಅರ್ಥವಾದ ದಿನ ನಾನು ಹಳೆಯ ಟಿಪ್ಪಣಿಯ ನಾಲ್ಕು ಪುಟ ಹರಿದು ಹಾಕಿದೆ.

ಇನ್ನೊಂದು ಉದಾಹರಣೆ, ಇದು ಸ್ವಲ್ಪ ಕುಟಿಲವಾದದ್ದು. ಒಟ್ಟು 18 ಕೋಟಿ: ತಾರೆಗೆ 5, ಒಪ್ಪಂದ ಮುಗಿದ ಇನ್ನೊಬ್ಬ ಒಳ್ಳೆಯ ಆಟಗಾರನಿಗೆ 1, ಉಳಿದವರಿಗೆಲ್ಲ ಸೇರಿ 12. ಇಬ್ಬರ ಒಪ್ಪಂದವೂ ಮುಗಿದಿದೆ, ಹಾಗಾಗಿ 15ರಲ್ಲಿ 12 ಕಳೆದರೆ 3 ಕೋಟಿ ಜಾಗ ಎನಿಸುತ್ತದೆ. ಆದರೆ ಲೀಗ್ ಅಷ್ಟು ಉದಾರಿಯಲ್ಲ. ಒಪ್ಪಂದ ಮುಗಿದವನ ಬರ್ಡ್ ಹಕ್ಕನ್ನು ತಂಡ ಉಳಿಸಿಕೊಂಡಿರುವಷ್ಟು ಕಾಲ ಅವನ ಹೆಸರಿನಲ್ಲಿ ಒಂದು ಮೊತ್ತ ಲೆಕ್ಕದಲ್ಲಿ ಕುಳಿತಿರುತ್ತದೆ. ಇದೇ ಕ್ಯಾಪ್ ಹೋಲ್ಡ್. ಪೂರ್ಣ ಬರ್ಡ್ ಹಕ್ಕಿನವನ ಹಳೆಯ ವೇತನ ಲೀಗ್‌ನ ಸರಾಸರಿಗಿಂತ ಹೆಚ್ಚಿದ್ದರೆ ಅದರ ಶೇ 150, ಕಡಿಮೆಯಿದ್ದರೆ ಶೇ 190. ಸರಾಸರಿಗಿಂತ ಕೆಳಗಿರುವ ನಮ್ಮ 1 ಕೋಟಿಯವನು ಹೀಗೆ 1.9 ಕೋಟಿಯಾಗಿ ಕೂರುತ್ತಾನೆ. ಜಾಗ 3ರಿಂದ 1.1ಕ್ಕೆ ಇಳಿಯಿತು. ಅವನ ಹಕ್ಕನ್ನು ಬಿಟ್ಟುಕೊಟ್ಟರೆ 3 ಕೋಟಿ ಮರಳುತ್ತದೆ, ಆದರೆ ತಾರೆಯ ಜೊತೆಗೆ ಅವನೂ ಕೈ ಬಿಟ್ಟ ಹಾಗೆ.

ಇಲ್ಲಿ ಒಂದು ತಮಾಷೆ ಇದೆ. ಮಿತಿಯ ಮೇಲೆಯೇ ಉಳಿಯುವ ತಂಡಕ್ಕೆ ಮಿಡ್‌ಲೆವೆಲ್ ಎಂಬ ವಿನಾಯಿತಿ ಸಿಗುತ್ತದೆ. 2025–26ರಲ್ಲಿ ಅದು ಸುಮಾರು 1.41 ಕೋಟಿ. ಮಿತಿಯ ಕೆಳಗೆ ಇಳಿದು ಜಾಗ ಬಳಸಿಕೊಳ್ಳುವ ತಂಡ ಇದನ್ನು ಬಿಟ್ಟುಕೊಡಬೇಕು, ಅದಕ್ಕೆ ಬದಲಾಗಿ ಚಿಕ್ಕದೊಂದು ಸಿಗುತ್ತದೆ. ಅಂದರೆ 1.1 ಕೋಟಿ ಜಾಗ ಮಾಡಿಕೊಂಡು ಹೊರಗಿನವನೊಬ್ಬನಿಗೆ ಕೊಡುವುದಕ್ಕಿಂತ, ಜಾಗವೇ ಇಲ್ಲ ಎಂದು ಸುಮ್ಮನಿದ್ದು 1.41 ಕೋಟಿ ಕೊಡಬಹುದು! ಕಷ್ಟಪಟ್ಟು ಮನೆ ಖಾಲಿ ಮಾಡಿದವನಿಗಿಂತ ಮಾಡದವನೇ ಲಾಭದಲ್ಲಿರುವ ಈ ಸ್ಥಿತಿಯನ್ನು ನಾನು ಮೂರು ಸಲ ಲೆಕ್ಕ ಹಾಕಿ ನೋಡಿದ್ದೇನೆ.

ತಾರೆ ಇನ್ನೂ ತೀರ್ಮಾನ ಹೇಳದಿರುವಾಗ ಅವನ ಹೋಲ್ಡ್ ಕೂಡ ಕುಳಿತಿರುತ್ತದೆ, ಅವನ ಗರಿಷ್ಠ ವೇತನವನ್ನು ಮೀರದಂತೆ. ಆ ಹೊತ್ತಿಗೆ ಮಾರುಕಟ್ಟೆಯ ಒಳ್ಳೆಯವರು ಬೇರೆ ಕಡೆ ಮಾತಾಡಿ ಮುಗಿಸಿರುತ್ತಾರೆ. 2010ರಲ್ಲಿ ಕ್ಲೀವ್‌ಲ್ಯಾಂಡ್‌ನ ತಾರೆ ಲೆಬ್ರಾನ್ ಜೇಮ್ಸ್ ತಂಡ ಬಿಡುವ ನಿರ್ಧಾರ ಹೇಳಿದ್ದು ಜುಲೈ 8ರಂದು. ಫ್ರೀ ಏಜೆಂಟ್‌ಗಳ ಮಾತುಕತೆ ಶುರುವಾಗಿ ಒಂದು ವಾರ ಕಳೆದಿತ್ತು.

ಯಾವ ಬಾಗಿಲಿನಿಂದ ಹೋದ?

ಇದು ನನ್ನ ಮೆಚ್ಚಿನ ಅಡ್ಡದಾರಿ. ಯಾವುದೇ ತಂಡದ ಕಥೆ ಓದುವಾಗ ಮೊದಲು ಕೇಳಬೇಕಾದದ್ದು, ತಾರೆ ಎಷ್ಟು ದೊಡ್ಡವನು ಎಂದಲ್ಲ, ಯಾವ ಬಾಗಿಲಿನಿಂದ ಹೋದ ಎಂದು. ಬಾಗಿಲುಗಳು ಮೂರೇ.

ಒಂದು, ಫ್ರೀ ಏಜೆಂಟ್ ಆಗಿ ಹಾಗೇ ಎದ್ದು ಹೋಗುವುದು. 2016ರ ಜುಲೈನಲ್ಲಿ ಕೆವಿನ್ ಡುರಾಂಟ್ ಒಕ್ಲಹೋಮ ಸಿಟಿ ಥಂಡರ್ ಬಿಟ್ಟು ಗೋಲ್ಡನ್ ಸ್ಟೇಟ್‌ಗೆ ಹೋದದ್ದು ಹೀಗೆ. ಥಂಡರ್ ಕೈಗೆ ಏನೂ ಬರಲಿಲ್ಲ. ಆ ಬೇಸಿಗೆಯಲ್ಲಿ ಮಿತಿಯೇ ಒಮ್ಮೆಲೇ ಏರಿದ್ದರಿಂದ ಒಂದಿಷ್ಟು ಜಾಗ ಮಾತ್ರ ಉಳಿದಿತ್ತು. ಅದನ್ನು ಅವರು ಹೊರಗಿನವನ ಮೇಲೆ ಸುರಿಯಲಿಲ್ಲ, ಆಗಸ್ಟ್‌ನಲ್ಲಿ ರಸೆಲ್ ವೆಸ್ಟ್‌ಬ್ರೂಕ್‌ನ ಒಪ್ಪಂದವನ್ನೇ ಪರಿಷ್ಕರಿಸಿ ಅವನ ವೇತನ ಹೆಚ್ಚಿಸಿದರು. ಹೋದವನ ಜಾಗವನ್ನು ಉಳಿದವನನ್ನು ಉಳಿಸಿಕೊಳ್ಳಲು ಬಳಸುವುದು ನನಗೆ ಹೊಳೆಯದೇ ಇದ್ದ ಉಪಾಯ.

ಎರಡು, ಒಪ್ಪಂದ ಇರುವಾಗಲೇ ಟ್ರೇಡ್ ಆಗಿ ಹೋಗುವುದು. ಹೋಗುವವನು ಹೋಗಲಿ, ಬೆಲೆ ಕೊಟ್ಟು ಹೋಗಲಿ ಎನ್ನುವ ಬಾಗಿಲು ಇದು. ಅದೇ ಥಂಡರ್ 2019ರಲ್ಲಿ ಪಾಲ್ ಜಾರ್ಜ್‌ನನ್ನು ಲಾಸ್ ಏಂಜಲೀಸ್ ಕ್ಲಿಪ್ಪರ್ಸ್‌ಗೆ ಕೊಟ್ಟು ಶೇ ಗಿಲ್ಜಸ್-ಅಲೆಕ್ಸಾಂಡರ್, ಡನಿಲೊ ಗಲಿನಾರಿ ಮತ್ತು ಮೊದಲ ಸುತ್ತಿನ ಐದು ಡ್ರಾಫ್ಟ್ ಆಯ್ಕೆಗಳನ್ನು ಪಡೆಯಿತು. ಅವುಗಳಲ್ಲಿ ಒಂದು 2022ರಲ್ಲಿ ಜೇಲನ್ ವಿಲಿಯಮ್ಸ್ ಆಯಿತು. 2025ರಲ್ಲಿ ತಂಡ 68 ಪಂದ್ಯ ಗೆದ್ದು ಚಾಂಪಿಯನ್ ಆಯಿತು.

ಮೂರನೆಯದು ಸೈನ್ ಆಂಡ್ ಟ್ರೇಡ್. ಆಟಗಾರ ಹೋಗುವುದು ಖಚಿತವಾದಾಗ ಹಳೆಯ ತಂಡವೇ ಅವನ ಬಳಿ ಹೊಸ ಒಪ್ಪಂದಕ್ಕೆ ಸಹಿ ಹಾಕಿಸಿ ಆ ಕ್ಷಣವೇ ಹೊಸ ತಂಡಕ್ಕೆ ಟ್ರೇಡ್ ಮಾಡುತ್ತದೆ. ಪಾಸ್ ರದ್ದಾಗುವ ಮೊದಲು ಅದನ್ನು ಕೊನೆಯ ಸಲ ಬಳಸಿಕೊಂಡ ಹಾಗೆ. ಬದಲಿಗೆ ಆಟಗಾರ ಬರದಿದ್ದರೂ ಟ್ರೇಡ್ ಎಕ್ಸೆಪ್ಶನ್ ಎಂಬ ಚೀಟಿ ಉಳಿಯಬಹುದು: ಒಂದು ವರ್ಷದೊಳಗೆ ಆ ಮೊತ್ತದವರೆಗಿನ ವೇತನದವನನ್ನು, ತಾನು ಸಮಾನ ವೇತನದವನನ್ನು ಕಳಿಸದೆಯೇ, ಟ್ರೇಡ್‌ನಲ್ಲಿ ತೆಗೆದುಕೊಳ್ಳಬಹುದು. 2020ರಲ್ಲಿ ಗಾರ್ಡನ್ ಹೇವರ್ಡ್ ಷಾರ್ಲಟ್‌ಗೆ ಹೋದಾಗ ಬಾಸ್ಟನ್‌ಗೆ 2.85 ಕೋಟಿ ಡಾಲರಿನ ಚೀಟಿ ಸಿಕ್ಕಿತು, 2021ರ ಮಾರ್ಚ್‌ನಲ್ಲಿ ಅದರ ಒಂದು ಭಾಗದಲ್ಲಿ ಇವಾನ್ ಫೋರ್ನಿಯೆ ಬಂದ. ಎರಡು ಎಚ್ಚರಿಕೆ: ಈ ಚೀಟಿಗೆ ಇನ್ನೊಬ್ಬ ಆಟಗಾರನ ವೇತನ ಸೇರಿಸಿ ದೊಡ್ಡವನನ್ನು ತರಲಾಗದು. ಇದರಿಂದ ಫ್ರೀ ಏಜೆಂಟ್‌ಗೆ ನೇರವಾಗಿ ಸಹಿ ಹಾಕಿಸಲೂ ಆಗದು. ಎರಡನೆಯದನ್ನು ನಾನು ಪರೀಕ್ಷೆಯಲ್ಲಿ ತಪ್ಪು ಬರೆಯುವ ವಿದ್ಯಾರ್ಥಿಯಂತೆ ಮತ್ತೆ ಮತ್ತೆ ಮರೆಯುತ್ತೇನೆ.

ಅಂಕಣದ ಮಾತು, ಚುಟುಕಾಗಿ

ತಾರೆ ಹೊಡೆಯುತ್ತಿದ್ದ ಶಾಟ್‌ಗಳು ಯಾರಿಗೆ ಹೋಗುತ್ತವೆ ಎಂಬುದೂ ಒಂದು ಲೆಕ್ಕ. ಥಂಡರ್‌ನಲ್ಲಿ ಎಲ್ಲವೂ ಒಬ್ಬನ ಹೆಗಲಿಗೆ ಬಿತ್ತು. 2016–17ರಲ್ಲಿ ವೆಸ್ಟ್‌ಬ್ರೂಕ್ ಪಂದ್ಯಕ್ಕೆ ಸರಾಸರಿ 31.6 ಅಂಕ, 10.7 ರಿಬೌಂಡ್, 10.4 ಅಸಿಸ್ಟ್ ಗಳಿಸಿ ಎಂವಿಪಿ, ಅಂದರೆ ಋತುವಿನ ಅತ್ಯಮೂಲ್ಯ ಆಟಗಾರ, ಆದ, ತಂಡದ ಗೆಲುವು ಮಾತ್ರ 55ರಿಂದ 47ಕ್ಕೆ ಇಳಿಯಿತು. ಕವಾಯ್ ಲೆನಾರ್ಡ್ ಹೋದ ಮೇಲೆ ಟೊರಾಂಟೊ ಅವನ ಹೊರೆಯನ್ನು ಪಾಸ್ಕಲ್ ಸಿಯಾಕಮ್, ಫ್ರೆಡ್ ವ್ಯಾನ್‌ವ್ಲೀಟ್ ಮುಂತಾದವರಿಗೆ ಹಂಚಿತು. ಮೊದಲು 82ರಲ್ಲಿ 58 ಗೆದ್ದಿದ್ದ ತಂಡ ಮೊಟಕಾದ 2019–20ರಲ್ಲಿ 72ರಲ್ಲಿ 53 ಗೆದ್ದಿತು, ಅಂದರೆ ಪ್ರಮಾಣದಲ್ಲಿ ಮುಂಚಿಗಿಂತ ಹೆಚ್ಚು.

ಸೋತು ಡ್ರಾಫ್ಟ್‌ನಲ್ಲಿ ಮೇಲೇರುವ ದಾರಿ ನನಗೆ ಅಷ್ಟು ಹಿಡಿಸುವುದಿಲ್ಲ. ಲೆಬ್ರಾನ್ ಹೋದ ಮರುವರ್ಷ ಕ್ಲೀವ್‌ಲ್ಯಾಂಡ್ 61 ಗೆಲುವಿನಿಂದ 19ಕ್ಕೆ ಕುಸಿಯಿತು, ಒಂದೇ ಸಮನೆ 26 ಪಂದ್ಯ ಸೋತಿತು. ಅಷ್ಟೆಲ್ಲ ಸೋತರೂ ಅವರ ಸ್ವಂತ ಆಯ್ಕೆ ಸಿಕ್ಕಿದ್ದು ನಾಲ್ಕನೆಯ ಸ್ಥಾನದಲ್ಲಿ. ಕೈರಿ ಇರ್ವಿಂಗ್‌ನನ್ನು ತಂದ ಮೊದಲ ಸ್ಥಾನ ಬಂದದ್ದು ಕ್ಲಿಪ್ಪರ್ಸ್‌ನಿಂದ: ಬ್ಯಾರನ್ ಡೇವಿಸ್‌ನ ಭಾರವಾದ ಒಪ್ಪಂದವನ್ನು ಹೊತ್ತುಕೊಂಡದ್ದಕ್ಕೆ ಸಿಕ್ಕ ಆಯ್ಕೆ ಅದು, ಸೋತ ತಂಡಗಳಲ್ಲಿ ಯಾರಿಗೆ ಮೊದಲ ಸರದಿ ಎಂದು ನಿರ್ಧರಿಸುವ ಲಾಟರಿಯಲ್ಲಿ ಅದಕ್ಕೆ ಇದ್ದ ಅವಕಾಶ ಶೇ 2.8 ಮಾತ್ರ. ಆಗ ಅತಿ ಕೆಟ್ಟ ತಂಡಕ್ಕೆ ಶೇ 25 ಅವಕಾಶವಿತ್ತು. 2019ರಿಂದ ಕೆಳಗಿನ ಮೂರೂ ತಂಡಗಳಿಗೆ ತಲಾ ಶೇ 14.

ಎಲ್ಲವನ್ನೂ ಸೇರಿಸಿ ಒಂದು ಅಭ್ಯಾಸ

2019ರಲ್ಲಿ ಡುರಾಂಟ್ ಗೋಲ್ಡನ್ ಸ್ಟೇಟ್ ಬಿಟ್ಟು ಬ್ರೂಕ್ಲಿನ್‌ಗೆ ಹೊರಟ. ಬಾಗಿಲು ಯಾವುದು? ಮೂರನೆಯದು. ತಂಡ ಮಿತಿಗಿಂತ ಬಹಳ ಮೇಲಿತ್ತು, ಸುಮ್ಮನೆ ಬಿಟ್ಟಿದ್ದರೆ ಜಾಗ ಸೊನ್ನೆ. ಸೈನ್ ಆಂಡ್ ಟ್ರೇಡ್ ಮಾಡಿ ಡಿಆಂಜೆಲೊ ರಸೆಲ್‌ನನ್ನು ಪಡೆದರು. ವೇತನ ಸುಮಾರು 2.7 ಕೋಟಿ. ಇದು ಪುಕ್ಕಟೆಯಲ್ಲ: ಹೀಗೆ ಆಟಗಾರನನ್ನು ಪಡೆಯುವ ತಂಡಕ್ಕೆ ಆ ವರ್ಷ ಏಪ್ರನ್ ಎಂಬ, ಮಿತಿಗಿಂತ ಮೇಲಿನ ಇನ್ನೊಂದು ವೇತನ ರೇಖೆ ನಿಜವಾದ ಗೋಡೆಯಾಗುತ್ತದೆ. ಅದರೊಳಗೆ ಇರಲು 2015ರ ಫೈನಲ್ಸ್ ಎಂವಿಪಿ ಆಂಡ್ರೆ ಇಗುಡಾಲನನ್ನು, ಜೊತೆಗೆ ಒಂದು ಡ್ರಾಫ್ಟ್ ಆಯ್ಕೆಯನ್ನು ಮೆಂಫಿಸ್‌ಗೆ ಕೊಡಬೇಕಾಯಿತು.

ಸ್ಟೆಫ್ ಕರಿ ಇರುವ ತಂಡಕ್ಕೆ ರಸೆಲ್ ಏಕೆ ಎಂದು ನನಗೂ ಅನಿಸಿತ್ತು. ಉತ್ತರ ಅವನ ಆಟದಲ್ಲಿಲ್ಲ, ಅವನ ವೇತನದಲ್ಲಿದೆ. ಮಿತಿಯ ಮೇಲಿರುವ ತಂಡ ದೊಡ್ಡ ವೇತನದವನನ್ನು ತರಲು ದೊಡ್ಡ ವೇತನದವನನ್ನು ಕಳಿಸಬೇಕು. ಡುರಾಂಟ್‌ನೊಂದಿಗೆ ಆವಿಯಾಗಬೇಕಿದ್ದ ಜಾಗವನ್ನು ಅವರು ರಸೆಲ್ ಎಂಬ ಪಾತ್ರೆಯಲ್ಲಿ ಹಿಡಿದಿಟ್ಟರು. 2020ರ ಫೆಬ್ರುವರಿಯಲ್ಲಿ ಆ ಪಾತ್ರೆಯನ್ನು ಮಿನ್ನೆಸೋಟಗೆ ಕೊಟ್ಟು ಹೆಚ್ಚುಕಡಿಮೆ ಅಷ್ಟೇ ವೇತನದ ಆಂಡ್ರೂ ವಿಗ್ಗಿನ್ಸ್‌ನನ್ನೂ ಒಂದು ಮೊದಲ ಸುತ್ತಿನ ಆಯ್ಕೆಯನ್ನೂ ಪಡೆದರು. ಆಯ್ಕೆ 2021ರಲ್ಲಿ ಏಳನೆಯ ಸ್ಥಾನದ ಜೊನಾಥನ್ ಕುಮಿಂಗಾ ಆಯಿತು. ವಿಗ್ಗಿನ್ಸ್ 2022ರ ಫೈನಲ್ಸ್‌ನ ಐದನೆಯ ಪಂದ್ಯದಲ್ಲಿ 26 ಅಂಕ, 13 ರಿಬೌಂಡ್ ಗಳಿಸಿದ. ಮುಂದಿನ ಪಂದ್ಯದಲ್ಲಿ ಪ್ರಶಸ್ತಿ ಬಂತು.

ಈ ವಿಗ್ಗಿನ್ಸ್ ಯಾರು ಎಂದು ಹಿಂದಕ್ಕೆ ಹುಡುಕುತ್ತಾ ಹೋದರೆ 2014ರ ಡ್ರಾಫ್ಟ್‌ನ ಮೊದಲ ಆಯ್ಕೆ. ಆರಿಸಿದ್ದು ಕ್ಲೀವ್‌ಲ್ಯಾಂಡ್, ಲೆಬ್ರಾನ್ ಇಲ್ಲದ ನಾಲ್ಕು ವರ್ಷಗಳ ಸೋಲಿನ ಕೊನೆಯಲ್ಲಿ. ಅದೇ ಬೇಸಿಗೆಯಲ್ಲಿ ಲೆಬ್ರಾನ್ ಮರಳಿ ಬಂದ, ವಿಗ್ಗಿನ್ಸ್ ಒಂದೇ ಒಂದು ಪಂದ್ಯ ಆಡುವ ಮೊದಲೇ ಕೆವಿನ್ ಲವ್‌ಗೆ ಬದಲಾಗಿ ಮಿನ್ನೆಸೋಟಗೆ ಹೊರಟ.