ಬಿ.ಎಂ. ರಸ್ತೆಯಲ್ಲಿ ದೋಣಿ ರೇಸಿನ ತಾಲೀಮು

ಹಾಸನದ ಬಿ.ಎಂ. ರಸ್ತೆ ಬದಿ ನಿಂತು ಬೈಕುಗಳ ಫೋಟೊ ತೆಗೆಯುತ್ತಿದ್ದೆ. ‘ಏನ್ ಸಾರ್, ಟ್ರಾಫಿಕ್ ಪೊಲೀಸ್ ಕಡೆಯವ್ರಾ?’ ಎಂದರು ಟೀ ಅಂಗಡಿಯವರು. ಪವರ್‌ಬೋಟ್ (ಮೋಟಾರು ದೋಣಿ) ರೇಸಿನ ಫೋಟೊ ತೆಗೆಯೋಕೆ ತಾಲೀಮು ಅಂದರೆ ನಗುತ್ತಾರೆ ಅಲ್ವಾ? ಸುಮ್ನೆ ತಲೆಯಾಡಿಸಿದೆ.

ಆದರೆ ಲೆಕ್ಕ ನೋಡಿ. 2018ರಲ್ಲಿ ವಿಜಯವಾಡದ ಬಳಿ ಕೃಷ್ಣಾ ನದಿಯಲ್ಲಿ ಓಡಿದಂಥ ಎಫ್1 ದೋಣಿಗಳು ಗಂಟೆಗೆ 200 ಕಿ.ಮೀ. ದಾಟುತ್ತವೆ. 200 ಅಂದರೆ ಸೆಕೆಂಡಿಗೆ ಸುಮಾರು 55 ಮೀಟರ್. ನೀವು 50 ಮೀಟರ್ ದೂರದಲ್ಲಿದ್ದರೆ, ದೋಣಿ ಎದುರಿಗೆ ಬಂದ ಗಳಿಗೆಯಲ್ಲಿ ಕ್ಯಾಮೆರಾ ಸೆಕೆಂಡಿಗೆ 60 ಡಿಗ್ರಿಗಿಂತ ತುಸು ಜಾಸ್ತಿ ವೇಗದಲ್ಲಿ ತಿರುಗಬೇಕು. 15 ಮೀಟರ್ ದೂರದಲ್ಲಿ 60 ಕಿ.ಮೀ. ವೇಗದಲ್ಲಿ ಹೋಗುವ ಬೈಕಿಗೂ ಅಷ್ಟೇ ತಿರುಗಬೇಕು! ನಮ್ಮ ಸೊಂಟಕ್ಕೆ ಎರಡೂ ಒಂದೇ.

ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ಅಂದರೆ ಶಟರ್, 1/1000 ಸೆಕೆಂಡ್ ತೆರೆದರೆ ಅಷ್ಟರಲ್ಲಿ ದೋಣಿ ಐದೂವರೆ ಸೆಂ.ಮೀ. ಸರಿಯುತ್ತದೆ. ಚಿತ್ರ ಸಾಕಷ್ಟು ಚೂಪಾಗಿ ಬರುತ್ತದೆ, ಆದರೆ ಲಂಗರು ಹಾಕಿದ ದೋಣಿಗೆ ಯಾರೋ ಬಕೆಟ್ ನೀರು ಎರಚಿದ ಹಾಗೆ ಕಾಣುತ್ತದೆ. ನನಗಂತೂ ಹಿಡಿಸುವುದಿಲ್ಲ. 1/60ಕ್ಕೆ ಇಳಿಸಿ ದೋಣಿಯ ಜೊತೆಗೇ ಕ್ಯಾಮೆರಾ ತಿರುಗಿಸಿದರೆ ದೋಣಿ ಸ್ಪಷ್ಟ, ಹಿಂದಿನ ದಡ ಗೆರೆಗೆರೆ. ಇದೇ ಪ್ಯಾನಿಂಗ್. ಹಿಂದೆ ಬರೀ ನೀರಿದ್ದರೆ ಗೆರೆ ಅಷ್ಟಾಗಿ ಮೂಡುವುದಿಲ್ಲ. ಮರ, ಜನ, ಬಾವುಟ ಏನಾದರೂ ಬೇಕು.

ರಸ್ತೆ ಕಲಿಸದ ಪಾಠವೂ ಒಂದಿದೆ. ಬೈಕು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಓಡುತ್ತದೆ, ದೋಣಿ ಕುಪ್ಪಳಿಸುತ್ತದೆ. ಕ್ಯಾಮೆರಾ ಅಡ್ಡಕ್ಕೆ ಎಷ್ಟು ನಯವಾಗಿ ತಿರುಗಿದರೂ ಮೇಲೆ ಕೆಳಗಿನ ಕುಣಿತ ಚಿತ್ರವನ್ನು ಕಲಸಿಬಿಡುತ್ತದೆ. ಅದಕ್ಕೇ ನೀರಿನ ಮೇಲೆ 1/125 ಅಥವಾ 1/250 ವಾಸಿ.

ಈ ಪಾಠಕ್ಕೆ ಲಕ್ಕವಳ್ಳಿಗೆ ಹೋದೆ. ಭದ್ರಾ ಹಿನ್ನೀರಿನ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಗೂಡು ಮಾಡುತ್ತವೆ. ಹಾರುತ್ತಾ ಹಾರುತ್ತಾ ತಟ್ಟನೆ ಮೀನಿಗೆ ಎರಗುತ್ತವೆ. ಅಡ್ಡ ಓಟ, ಮೇಲೆ ಕೆಳಗಿನ ಕುಣಿತ ಎರಡೂ ಸೇರಿದ ಮೇಷ್ಟ್ರು ಅಂದರೆ ಇವೇ. ಮೊದಲ ದಿನ ನನಗೆ ಸಿಕ್ಕಿದ್ದು ಜಾಸ್ತಿ ಬಾಲಗಳೇ.

ಹಕ್ಕಿ ಮುಳುಗೆದ್ದಾಗ ಆಟೋಫೋಕಸ್ ಸಿಡಿದ ಹನಿಗಳ ಮೇಲೆ ಹೋಗಿ ಕೂತುಬಿಡುತ್ತಿತ್ತು. ರೇಸಿನಲ್ಲೂ ಇದೇ ಕಾಟ. ದೋಣಿಯ ಹಿಂದೇಳುವ ನೀರಿನ ಜುಟ್ಟು ಬೆಳ್ಳಗೆ ಹೊಳೆದು ಫೋಕಸನ್ನು ಎಳೆದುಕೊಳ್ಳುತ್ತದೆ. ಹಾಗಾಗಿ ಫೋಕಸ್ ಚುಕ್ಕಿ ಚಾಲಕನ ಹೆಲ್ಮೆಟ್ ಮೇಲಿರಲಿ. ಜುಟ್ಟು ಹೇಗೂ ಹಿಂದೆಯೇ ಬರುತ್ತದೆ.