ಕೊಂಬಿಲ್ಲದ ಆಕಳು ಹಾಲು ಕಡಿಮೆ ಕೊಡುತ್ತದೆಯೇ?

ಸಿಂಧನೂರು, ಗಂಗಾವತಿ, ಸಿರುಗುಪ್ಪದ ಸುತ್ತಮುತ್ತ ಹಾಲಿಗಾಗಿ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಮತ್ತು ಜರ್ಸಿ ಮಿಶ್ರತಳಿ ಆಕಳು ಕಟ್ಟಿದವರಲ್ಲಿ, ಕರು ಚಿಕ್ಕದಿರುವಾಗಲೇ ಕೊಂಬಿನ ಮೊಗ್ಗನ್ನು ಕಾದ ಕಬ್ಬಿಣದಿಂದ ಸುಡಿಸುವವರಿದ್ದಾರೆ. ಇಕ್ಕಟ್ಟಾದ ಕೊಟ್ಟಿಗೆಯಲ್ಲಿ ದನಗಳು ಒಂದನ್ನೊಂದು ಹಾಯದಿರಲಿ, ಹಾಲು ಹಿಂಡುವವರಿಗೆ ಪೆಟ್ಟಾಗದಿರಲಿ ಎಂಬುದು ಉದ್ದೇಶ. ಆದರೆ ಮರಗಟ್ಟಿಸುವ ಮದ್ದು ಕೊಡದೆ ಸುಟ್ಟರೆ ಕರು ಅನುಭವಿಸುವ ನೋವು ತೀವ್ರವಾದದ್ದು. ಹುಟ್ಟಿನಿಂದಲೇ ಕೊಂಬು ಬಾರದ ಕರು ಸಿಗುವುದಾದರೆ ಈ ನೋವೇ ಬೇಕಿಲ್ಲ.

ಅಂಥ ಕರುವನ್ನು ಪಡೆಯುವುದು ಅನುವಂಶೀಯವಾಗಿ ಸರಳ. ದನಗಳ 1ನೇ ವರ್ಣತಂತುವಿನಲ್ಲಿರುವ ಒಂದು ಬದಲಾವಣೆ ಕೊಂಬನ್ನು ತಡೆಯುತ್ತದೆ. ಅದು ಪ್ರಬಲ ಗುಣವಾದ್ದರಿಂದ ತಂದೆ ಅಥವಾ ತಾಯಿ, ಒಬ್ಬರಿಂದ ಬಂದರೂ ಸಾಕು. ಹೋರಿಯಲ್ಲಿ ಅದರ ಎರಡು ಪ್ರತಿಗಳಿದ್ದರೆ ಕೊಂಬಿನ ಆಕಳಿಗೂ ಕೊಂಬಿಲ್ಲದ ಕರುಗಳೇ ಹುಟ್ಟುತ್ತವೆ. ಒಂದೇ ಪ್ರತಿ ಇದ್ದರೆ ಸರಾಸರಿ ಅರ್ಧದಷ್ಟು. ಕೆಲವಕ್ಕೆ ತಲೆಬುರುಡೆಗೆ ಅಂಟದೆ ಅಲ್ಲಾಡುವ ಸಣ್ಣ ಗಂಟುಗಳು ಮೂಡುವುದುಂಟು.

ಹಾಲಿನ ಮಾತಿಗೆ ಬರೋಣ. ಕೊಂಬಿಲ್ಲದ ಎಚ್‌ಎಫ್ ಹೋರಿಗಳ ಹೆಣ್ಣುಮಕ್ಕಳು ಕಡಿಮೆ ಹಾಲು ಕೊಡುತ್ತವೆ ಎಂಬ ಅಭಿಪ್ರಾಯ ಹಿಂದೆ ಆಧಾರವಿಲ್ಲದ್ದೇನೂ ಆಗಿರಲಿಲ್ಲ. ಆದರೆ ಕಾರಣ ಕೊಂಬನ್ನು ತಡೆಯುವ ಬದಲಾವಣೆಯಲ್ಲಿ ಇರಲಿಲ್ಲ. ದಶಕಗಳ ಕಾಲ ತಳಿಗಾರರು ಹಾಲನ್ನಷ್ಟೇ ನೋಡಿ ಆಯ್ದ ಉತ್ತಮ ಹೋರಿಗಳಲ್ಲಿ ಬಹುತೇಕ ಎಲ್ಲವೂ ಕೊಂಬಿನವು. ಕೊಂಬಿಲ್ಲದವು ಬೆರಳೆಣಿಕೆಯಷ್ಟಿದ್ದುದರಿಂದ ಅವುಗಳಲ್ಲಿ ಆಯ್ಕೆಗೆ ಅವಕಾಶವೇ ಇರಲಿಲ್ಲ. ಸಮಾನ ವಂಶಬಲದ ದನಗಳನ್ನು ಹೋಲಿಸಿದ ಬಹುಪಾಲು ಅಧ್ಯಯನಗಳಲ್ಲಿ ಹಾಲು, ಕೊಬ್ಬಿನಂಶ, ಬೆಳವಣಿಗೆ, ಗರ್ಭಧಾರಣೆ ಯಾವುದರಲ್ಲೂ ಕೊಂಬಿಲ್ಲದಿರುವುದರಿಂದಲೇ ಆದ ಗಣನೀಯ ನಷ್ಟ ಕಂಡುಬಂದಿಲ್ಲ. ನಿಜವಾದ ಅಪಾಯ ಬೇರೆಯೇ ಇದೆ. ಕೆಲವೇ ಹೋರಿಗಳನ್ನು ಅವಸರದಿಂದ ಎಲ್ಲೆಡೆ ಬಳಸಿದರೆ ಒಳಸಂಬಂಧದ ಸಂತಾನ ಹೆಚ್ಚಿ, ಅದರ ಪೆಟ್ಟು ಹಾಲಿಗೂ ಆರೋಗ್ಯಕ್ಕೂ ಬೀಳುತ್ತದೆ.

ಈ ಇಕ್ಕಟ್ಟನ್ನು ದಾಟಲು ಅಮೆರಿಕದಲ್ಲಿ ಜೀನ್ ತಿದ್ದುವ ತಂತ್ರದಿಂದ ಕೊಂಬಿಲ್ಲದ ಕರುಗಳನ್ನು ಪಡೆದು 2016ರಲ್ಲಿ ಪ್ರಕಟಿಸಿದರು. 2019ರಲ್ಲಿ ಅಲ್ಲಿನ ಆಹಾರ ಮತ್ತು ಔಷಧ ಆಡಳಿತವು ಅಂಥ ಹೋರಿಯೊಂದರಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಉಳಿದಿರುವುದನ್ನು ಗುರುತಿಸಿತು. ಸಹಜ ತಳಿ ಆಯ್ಕೆಯೇ ಸದ್ಯಕ್ಕೆ ಭರವಸೆಯ ದಾರಿ ಎಂದು ನನ್ನ ತಿಳಿವಳಿಕೆ.

ನಮ್ಮ ಡುಬ್ಬದ ದನಗಳಲ್ಲಿಯೂ ಇದು ಸಾಧ್ಯ. ನೆರೆಯ ಆಂಧ್ರದ ಒಂಗೋಲು ದನಗಳಿಂದ ಬ್ರೆಜಿಲ್‌ನಲ್ಲಿ ಬೆಳೆದ ನೆಲೋರ್ ತಳಿಯಲ್ಲಿ ಕೊಂಬಿಲ್ಲದ ಪಂಗಡವಿದ್ದು, ಅದರ ಡಿಎನ್‌ಎ ಬದಲಾವಣೆ ಯುರೋಪಿನ ತಳಿಗಳದ್ದಕ್ಕಿಂತ ಭಿನ್ನವಾಗಿದೆ. ಹಾಗೆಂದು ಖಿಲಾರಿ, ಅಮೃತಮಹಲ್, ಕೃಷ್ಣಾ ಕಣಿವೆ ದನಗಳ ಕೊಂಬನ್ನು ಅಳಿಸಬೇಕೆಂದು ನಾನು ಖಂಡಿತ ಹೇಳಲಾರೆ. ಉದ್ದ ಕೊಂಬಿನ ಎತ್ತುಗಳಲ್ಲಿ ಕೊಂಬಿನ ಕ್ಯಾನ್ಸರ್ ಕಾಣಿಸಿಕೊಳ್ಳುವುದು ನಿಜ. ಆದರೂ ಈ ತಳಿಗಳ ಸಂಖ್ಯೆ ಕುಗ್ಗುತ್ತಿರುವಾಗ ಅವುಗಳ ವಂಶವೈವಿಧ್ಯ ಉಳಿಸುವುದು ಮೊದಲ ಕೆಲಸ. ಕೊಂಬಿನ ಒಳತಿರುಳಿನಲ್ಲಿ ರಕ್ತನಾಳಗಳು ದಟ್ಟವಾಗಿದ್ದು, ಅಲ್ಲಿಂದ ಮೈಶಾಖ ಹೊರಹೋಗುತ್ತದೆ. 40 ಡಿಗ್ರಿ ದಾಟುವ ರಾಯಚೂರಿನ ಬೇಸಿಗೆಯಲ್ಲಿ ಇದನ್ನೂ ಅಳೆದು ನೋಡಬೇಕಾಗಿದೆ.

ಮಿಶ್ರತಳಿ ಆಕಳಿಗೆ ಇಂಥ ಹೋರಿಯ ವೀರ್ಯ ಸಿಕ್ಕರೆ ರೈತರು ಪಶುವೈದ್ಯರನ್ನು ಕೇಳಬೇಕಾದದ್ದು ಅದರಲ್ಲಿ ಕೊಂಬನ್ನು ತಡೆಯುವ ಬದಲಾವಣೆಯ ಪ್ರತಿ ಒಂದೋ ಎರಡೋ ಎಂಬುದನ್ನಷ್ಟೇ ಅಲ್ಲ. ಹಾಲಿನ ದರ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ ನಿಲ್ಲುವುದರಿಂದ, ಆ ಹೋರಿಯ ಹೆಣ್ಣುಮಕ್ಕಳ ಹಾಲು, ಕೊಬ್ಬಿನಂಶದ ದಾಖಲೆ ಹೇಗಿದೆ, ತಮ್ಮ ಆಕಳಿಗೂ ಅದಕ್ಕೂ ಒಂದೇ ತಂದೆಯೇ ಎಂಬುದನ್ನೂ ವಿಚಾರಿಸಬೇಕು.